ಅಜ್ಜಿಯನ್ನು ಎಬ್ಬಿಸಿದ ಮುನಿಯಣ್ಣ

ಮುನಿಯಣ್ಣನನ್ನು ನಾನು ಮೊದಲು ಕಳ್ಳ ಅಂದುಕೊಂಡಿದ್ದೆ. ಮನೆಗೆ ನುಗ್ಗುವ ಕಳ್ಳನಲ್ಲ, ಫೋನಿನಲ್ಲಿ ವಯಸ್ಸಾದವರನ್ನು ಮರುಳು ಮಾಡಿ ಬ್ಯಾಂಕ್ ಖಾತೆ ಬರಿದು ಮಾಡುತ್ತಾರಲ್ಲ, ಆ ಪೈಕಿ. ದಿನಾ ಬೆಳಗ್ಗೆ, ಇನ್ನೂ ಮಬ್ಬು ಹರಿಯುವ ಮುಂಚೆ, ನಮ್ಮಜ್ಜಿಯ ಫೋನು ಒಂದೇ ಸಲ ರಿಂಗಾಗಿ ನಿಲ್ಲುತ್ತಿತ್ತು. ಅಜ್ಜಿ ಎತ್ತುತ್ತಿರಲಿಲ್ಲ. ಕನ್ನಡಕ ತಡಕಾಡಿ ಹಾಕಿಕೊಂಡು, ಅದೇ ನಂಬರಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡಿ, ದೊಡ್ಡ ಕೆಲಸವೊಂದು ಮುಗಿಯಿತು ಅನ್ನುವಂತೆ ಫೋನನ್ನು ದಿಂಬಿನ ಪಕ್ಕ ಇಡುತ್ತಿದ್ದಳು. ಯಾರದು ಅಂತ ಕೇಳಿದರೆ, ನಿಂಗ್ಯಾಕೋ ಅದೆಲ್ಲ ಅಂದಳು. ಇಂಥ ವಿಷಯಗಳಲ್ಲಿ ನಾನು ಬಹಳ ಚುರುಕು. ಅಜ್ಜಿ ಸ್ನಾನಕ್ಕೆ ಹೋದಾಗ ಆ ನಂಬರನ್ನು ಬ್ಲಾಕ್ ಮಾಡಿ, ಮನೆ ಉಳಿಸಿದ ಸಮಾಧಾನದಲ್ಲಿ ಆಫೀಸಿಗೆ ಹೊರಟೆ.

ಮರುದಿನ ಬೆಳಗ್ಗೆ ಗೇಟು ಬಡಿಯುವ ಸದ್ದಿಗೆ ಎದ್ದು ಚಡ್ಡಿಯಲ್ಲೇ ಓಡಿದೆ. ಹೊರಗೆ ಮೂವರು ಹಿರಿಯರು. ಮುಂದೆ ನಿಂತವನು ಸಣಕಲು ಆಸಾಮಿ, ತಲೆಗೆ ಮಂಕಿ ಕ್ಯಾಪು, ಹೆಗಲ ಮೇಲೆ ಅವನಿಗಿಂತ ಉದ್ದದ ಒಂದು ಕಬ್ಬಿಣದ ಸರಳು.

"ಅಂಜನಮ್ಮ ಎದ್ದವ್ರಾ?" ಅಂದ.

ನೀವು ಯಾರು ಅಂದೆ. "ಮೊದ್ಲು ಪಕ್ಕಕ್ ಸರಿ. ಬಾಗ್ಲು ಮುರೀಬೇಕಾಯ್ತದೇನೋ ಅಂತ ಇದ್ನ ಒತ್ಕಂಡ್ ಬಂದಿವ್ನಿ."

ಒಳಗಿನಿಂದ ಅಜ್ಜಿ ಕೂಗಿ ಹೇಳಿದಳು, ತಾನು ಎದ್ದು ಎಷ್ಟೋ ಹೊತ್ತಾಯಿತು, ಇವತ್ತು ಫೋನೇ ಬರಲಿಲ್ಲ ಎಂದು. ಮೂವರೂ ಒಟ್ಟಿಗೆ ತಿರುಗಿ ನನ್ನ ಮುಖ ನೋಡಿದರು. ನಾನು ನನ್ನ ಚಡ್ಡಿ ನೋಡಿಕೊಂಡೆ.

ಆಮೇಲೆ ತಿಳಿದದ್ದು ಇಷ್ಟು. ಹಳೇ ಯಲಹಂಕದ ನಮ್ಮ ಬೀದಿಗಳಲ್ಲಿ ವಯಸ್ಸಾದವರಿಗೆಲ್ಲ ಮುನಿಯಣ್ಣ ಬೆಳಗ್ಗೆ ಒಂದೊಂದು ಮಿಸ್ಡ್ ಕಾಲ್ ಕೊಡುತ್ತಾನೆ. ವಾಪಸ್ ಒಂದು ಮಿಸ್ಡ್ ಕಾಲ್ ಬಂದರೆ ಎದ್ದಿದ್ದಾರೆ, ಕೈಕಾಲು ನೆಟ್ಟಗಿದೆ ಎಂದರ್ಥ. ಬರದಿದ್ದರೆ ಅಕ್ಕಪಕ್ಕದ ಇಬ್ಬರನ್ನು ಕರೆದುಕೊಂಡು ಮನೆಗೇ ಬರುತ್ತಾನೆ. ಹಿಂದೊಮ್ಮೆ ಬೈರಣ್ಣ ಅನ್ನುವವರು ಬಚ್ಚಲಲ್ಲಿ ಜಾರಿ ಬಿದ್ದು, ಮಧ್ಯಾಹ್ನದವರೆಗೂ ಯಾರಿಗೂ ಗೊತ್ತಾಗದೆ ಅಲ್ಲೇ ಇದ್ದರಂತೆ. ಅವತ್ತಿನಿಂದ ಶುರುವಾದ ಪದ್ಧತಿ. ನಮ್ಮಜ್ಜಿಗೆ ಮಂಡಿ ಆಪರೇಷನ್ ಆದಮೇಲೆ ಅಮ್ಮನೇ ಅವಳ ನಂಬರನ್ನು ಮುನಿಯಣ್ಣನಿಗೆ ಕೊಟ್ಟಿದ್ದಳು. ನನಗೆ ಹೇಳಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ನನ್ನ ಫೋನಿನಲ್ಲಿ ಲೆಕ್ಕವಿಲ್ಲದಷ್ಟು ನಂಬರುಗಳಿವೆ. ನಾನು ಎದ್ದೆನೋ ಇಲ್ಲವೋ ಅಂತ ವಿಚಾರಿಸುವುದು ನಮ್ಮ ಮ್ಯಾನೇಜರ್ ಒಬ್ಬರೇ, ಅದೂ ಪ್ರೀತಿಯಿಂದಲ್ಲ.

ಅವತ್ತೇ ಬ್ಲಾಕ್ ತೆಗೆದೆ. ಹೊಟ್ಟೆಕಿಚ್ಚು ಅಲ್ಲಿಂದ ಶುರು. ಎದುರಿಗೆ ಮುನಿಯಣ್ಣನನ್ನು ತಾತ ಅನ್ನುತ್ತೇನೆ. ಇಲ್ಲಿ ಏಕವಚನದಲ್ಲಿ ಬರೆಯುತ್ತಿರುವುದು ಸಲಿಗೆಯಿಂದಲ್ಲ.

ನನ್ನ ಕಷ್ಟವನ್ನೂ ಹೇಳಿಬಿಡುತ್ತೇನೆ. ಥಣಿಸಂದ್ರದ ಒಂದು ಫರ್ನಿಚರ್ ಶೋರೂಮಿನಲ್ಲಿ ನನಗೆ ಕೆಲಸ. ನಾನು ಮಾರುವುದು ರಿಕ್ಲೈನರ್, ಅಂದರೆ ಬಟನ್ ಒತ್ತಿದರೆ ಕಾಲು ಮೇಲೆತ್ತಿ ಬೆನ್ನು ಹಿಂದಕ್ಕೆ ಚಾಚುವ ದೊಡ್ಡ ಕುರ್ಚಿ. ಅಜ್ಜಿ ಆಸ್ಪತ್ರೆಯಿಂದ ಮನೆಗೆ ಬಂದಾಗ ಒಂದನ್ನು ತಂದು ನಡುಮನೆಯಲ್ಲಿಟ್ಟೆ. ಅಜ್ಜಿ ಅದರಲ್ಲಿ ಕೂತಳು, ಕೂತೇಬಿಟ್ಟಳು. ದಿನಾ ನಡೆಯಲೇಬೇಕು, ಇಲ್ಲದಿದ್ದರೆ ಮಂಡಿ ಹಿಡಿದುಕೊಂಡುಬಿಡುತ್ತದೆ, ಆಮೇಲೆ ನಮ್ಮನ್ನು ಕೇಳಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ನಾನು ಗೋಗರೆದೆ. ವಾಕರ್ ತಂದು ಎದುರಿಗಿಟ್ಟೆ. ಹೆಜ್ಜೆ ಎಣಿಸುವ ಕೈಗಡಿಯಾರ ಕಟ್ಟಿದೆ. ಅದು ಸಂಜೆಯಾದರೂ ಸೊನ್ನೆ ತೋರಿಸುತ್ತಿತ್ತು. ಅಜ್ಜಿ ಬಟನ್ ಒತ್ತಿ ಇನ್ನೂ ಸ್ವಲ್ಪ ಹಿಂದಕ್ಕೆ ಒರಗುತ್ತಿದ್ದಳು. ಮಾರುವ ಮಾಲಿನ ಗುಣಮಟ್ಟಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಗೇಟು ಬಡಿದ ಆ ದಿನ ಮುನಿಯಣ್ಣ ಒಳಗೆ ಬಂದು, ಸರಳನ್ನು ಗೋಡೆಗೆ ಒರಗಿಸಿ, ಟೀ ಕುಡಿದ. ಮಂಡಿಯ ಸುದ್ದಿ ಎತ್ತಲಿಲ್ಲ. ಲೋಟ ಕೆಳಗಿಡುವಾಗ ಬೇರೆ ಯಾವುದೋ ಮಾತಿನ ನಡುವೆ, "ಮೆಹಬೂಬ್ ಬೀ ಆಗ್ಲೇ ಕೆರೆ ಸುತ್ತ ಎರಡ್ ಸುತ್ತು ಆಕ್ತಾವ್ರೆ" ಅಂದ. ಅಷ್ಟೇ. ಎದ್ದು ಹೋದ.

ಅಜ್ಜಿ ಒರಗಿದಲ್ಲಿಂದ ತಲೆ ಎತ್ತಿದಳು. "ಆ ಕಾಲ್ನಲ್ಲಿ?" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಆಮೇಲೆ ಬಟನ್ ಒತ್ತಿ ಕುರ್ಚಿಯನ್ನು ನೆಟ್ಟಗೆ ಮಾಡಿ, ಆ ವಾಕರ್ ಇಲ್ಲಿ ಕೊಡು ಅಂದಳು.

ಮೆಹಬೂಬ್ ಬೀ ಪಕ್ಕದ ಬೀದಿಯವರು. ಸಕ್ಕರೆ ಕಾಯಿಲೆಯಿಂದ ಅವರ ಪಾದಕ್ಕೂ ತೊಂದರೆಯಿತ್ತು. ಅಜ್ಜಿಗೂ ಅವರಿಗೂ ಬೀದಿ ನಲ್ಲಿಯ ಕಾಲದಿಂದ ಪೈಪೋಟಿ. ಆ ಪೈಪೋಟಿಯನ್ನು ಮುನಿಯಣ್ಣನಷ್ಟು ಬಲ್ಲವರು ಇನ್ನೊಬ್ಬರಿಲ್ಲ, ಯಾಕೆಂದರೆ ಆ ನಲ್ಲಿಗಳಿಗೆ ನೀರು ಬಿಡುತ್ತಿದ್ದವನೇ ಅವನು. ಅವನ ಅಪ್ಪ ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಾಯಿಸುತ್ತಿದ್ದವರು. ಗದ್ದೆ ಹೋಗಿ ಮನೆಗಳೆದ್ದಮೇಲೆ ಮಗ ರಸ್ತೆಯ ಗುಂಡಿಗಳಲ್ಲಿರುವ ವಾಲ್ವ್ ತಿರುಗಿಸುವ ಕೆಲಸಕ್ಕೆ ಸೇರಿದ. ಹೆಗಲ ಮೇಲಿದ್ದ ಸರಳು ಆ ವಾಲ್ವಿನ ಕೀಲಿ. ನಿವೃತ್ತಿಯಾದಾಗ ಹೊಸದನ್ನು ವಾಪಸ್ ಕೊಟ್ಟು, ತಲೆ ಸವೆದ ಹಳೆಯದನ್ನು ಉಳಿಸಿಕೊಂಡಿದ್ದ. ಆಗೆಲ್ಲ ಬೆಳಗಿನ ಜಾವ ನೀರು ಬಿಟ್ಟರೆ ಕೆಳಗಿನ ಬೀದಿಯವರು ಮಲಗೇ ಇರುತ್ತಿದ್ದರಂತೆ, ಆಮೇಲೆ ಬಂದು ಇವನನ್ನು ಬೈಯುತ್ತಿದ್ದರಂತೆ. ಮೇಲಿನ ಬೀದಿಯವರು ಆಗಲೇ ಕೊಡ ಸಾಲಾಗಿ ಇಟ್ಟಿದ್ದಾರೆ ಅಂತ ಒಂದು ಮಾತು ಹಾಕಿದರೆ ಸಾಕು, ಮರುದಿನ ಇವನು ಬರುವ ಮುಂಚೆಯೇ ಬೀದಿಯೆಲ್ಲ ಎದ್ದಿರುತ್ತಿತ್ತು. ಇದನ್ನು ಅಜ್ಜಿಯೇ ನಗುತ್ತಾ ಹೇಳಿದ್ದಳು.

ಒಂದೆರಡು ವಾರ ಓಣಿಯಲ್ಲಿ ವಾಕರ್ ಹಿಡಿದು ಅಭ್ಯಾಸ ಮಾಡಿ, ಅಜ್ಜಿ ಆಟೋದಲ್ಲಿ ಕೆರೆಗೆ ಹೊರಟಳು. ಜೊತೆಗೆ ನಾನೂ ಹೋದೆ. ಮುನಿಯಣ್ಣನಿಗೆ ಪೂರ್ತಿ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಕೆರೆ ಏರಿಯ ಮೇಲೆ ಮೆಹಬೂಬ್ ಬೀ ಎದುರಾದರು. ಇಬ್ಬರೂ ಏದುಸಿರು ಬಿಡುತ್ತಿದ್ದರು. ಇವತ್ತು ನನ್ನದು ಆಗಲೇ ಮುಗೀತು ಅಂತ ಅಜ್ಜಿ, ನನ್ನದೂ ಆಯ್ತು ಅಂತ ಅವರು. ಇಬ್ಬರೂ ಒಂದೇ ಬೆಂಚಿನಲ್ಲಿ ಎರಡು ತುದಿಗೆ ಕೂತರು. ಅಜ್ಜಿ ಸುಳ್ಳು ಹೇಳುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ಇನ್ನೊಬ್ಬರ ಬಗ್ಗೆ ಅನುಮಾನ ಬರಲಿಲ್ಲ.

ಈಗ ಅಜ್ಜಿಗೆ ವಾಕರ್ ಬೇಡ, ಕೋಲು ಸಾಕು. ದಿನಾ ನಡೆಯುತ್ತಾಳೆ. ಮನೆಯಲ್ಲಿ ಕೋಡುಬಳೆ ಕರಿದರೆ ಮೊದಲ ಪೊಟ್ಟಣ ಮುನಿಯಣ್ಣನಿಗೆ, ಚೂರುಪಾರು ನನಗೆ. ಫಿಸಿಯೋದವರು ಬಂದು ಭೇಷ್ ಅಂದರೆ, "ಎಲ್ಲಾ ಮುನಿಯಣ್ಣನ ಪುಣ್ಯ" ಅನ್ನುತ್ತಾಳೆ. ಆಸ್ಪತ್ರೆಯಲ್ಲಿ ಅವಳ ಮಂಚದ ಕೆಳಗೆ ಚಾಪೆ ಹಾಸಿ ಮಲಗಿ ಸೊಳ್ಳೆ ಕಚ್ಚಿಸಿಕೊಂಡವನು ನಾನು. ಒಂದು ಮಾತು ಹಾಕಿ ಟೀ ಕುಡಿದು ಹೋದವನಿಗೆ ಪುಣ್ಯ. ಬೆಳಗ್ಗೆ ಆ ಒಂದು ರಿಂಗ್ ಕೇಳಿದಾಗಲೆಲ್ಲ ಹೊದಿಕೆಯೊಳಗೆ ನನ್ನ ಹೊಟ್ಟೆ ಉರಿಯುತ್ತಿತ್ತು.

ಹೋದ ತಿಂಗಳು ಶೋರೂಮಿನಿಂದ ಒಂದು ರಿಕ್ಲೈನರ್ ಮೆಹಬೂಬ್ ಬೀ ಮನೆಗೆ ಹೋಯಿತು, ಮಗ ನಯೀಮ್ ಆರ್ಡರ್ ಮಾಡಿದ್ದರು. ಜೋಡಿಸಿ ಕೊಡಲು ನಾನೇ ಹೋದೆ. ಮೆಹಬೂಬ್ ಬೀ ಅದರ ಸುತ್ತ ಒಂದು ಸಲ ಬಂದು, ಕೂರುವುದಿಲ್ಲ, ವಾಪಸ್ ತಗೊಂಡು ಹೋಗು ಅಂದರು.

"ಇದ್ರಲ್ಲಿ ಕೂತ್ರೆ ನಿಮ್ಮಜ್ಜಿ ನನ್ನ ದಾಟ್ಕೊಂಡ್ ಹೋಗ್ತಾಳೆ ಬೇಟಾ. ಆಪರೇಷನ್ ಆಗಿ ತಿಂಗ್ಳಿಲ್ಲ, ಆಗ್ಲೇ ಕೆರೆ ಸುತ್ತ ಎರಡು ಸುತ್ತು ಹಾಕಿದ್ಳಂತಲ್ಲ. ಮುನಿಯಣ್ಣ ಬಂದು ಹೇಳಿದ್ರು. ನಾನು ಹಾಸಿಗೇಲಿದ್ದೆ. ನಾಚ್ಕೆ ಆಯ್ತು, ಎದ್ದೆ."

ಆಪರೇಷನ್ ಆಗಿ ತಿಂಗಳಾಗುವ ಮುಂಚೆ ನಮ್ಮಜ್ಜಿ ನನ್ನ ಕುರ್ಚಿಯಲ್ಲಿ ಸೂರು ನೋಡುತ್ತಾ ಮಲಗಿದ್ದಳು. ಮೆಹಬೂಬ್ ಬೀ ಹಾಸಿಗೆಯಲ್ಲಿದ್ದರು. ಕೆರೆಯ ಸುತ್ತ ಯಾರೂ ಇರಲಿಲ್ಲ.

ಕುರ್ಚಿಯನ್ನು ಮತ್ತೆ ಗಾಡಿಗೆ ಹೇರಿಸುವಾಗ ನನಗಾದ ಸಂತೋಷ ಹೇಳತೀರದು. ಸಿಕ್ಕಿಬಿದ್ದ. ಅಜ್ಜಿಗೆ ಒಂದು ಮಾತು ಹೇಳಿದರೆ ಸಾಕು, ಮುನಿಯಣ್ಣನ ಪುಣ್ಯವೆಲ್ಲ ಖಾಲಿ, ಕೋಡುಬಳೆಯ ಪೊಟ್ಟಣ ನನ್ನದು. ಸಂಜೆ ಹೇಳಿಬಿಡೋಣ ಅಂತ ಮನೆಗೆ ಬಂದೆ. ಅಜ್ಜಿ ಬಾಗಿಲಲ್ಲಿ ಕೂತು, ನಾಳೆಗೆ ಹಾಕಿಕೊಳ್ಳುವ ಚಪ್ಪಲಿಯನ್ನು ಒರೆಸುತ್ತಿದ್ದಳು. ಮೊದಲು ಅವನನ್ನೇ ಕೇಳಿಬಿಡೋಣ ಅಂತ ಸುಮ್ಮನಾದೆ.

ಬೆಳಗ್ಗೆ ಕೆರೆಗೆ ಹೋದೆ. ಮುನಿಯಣ್ಣ ಬೆಂಚಿನ ಮೇಲೆ ಕೂತು, ನಾವು ಕೊಟ್ಟ ಕೋಡುಬಳೆಯನ್ನೇ ತಿನ್ನುತ್ತಿದ್ದ. ದೂರದ ತಿರುವಿನಲ್ಲಿ ಇಬ್ಬರು ಹೆಂಗಸರು ಹೋಗುತ್ತಿದ್ದರು. ಒಮ್ಮೆ ಕೋಲು ಮುಂದೆ, ಒಮ್ಮೆ ಬುರ್ಖಾ ಮುಂದೆ. ನಾನು ಪಕ್ಕದಲ್ಲಿ ಕೂತು, ರಾತ್ರಿಯೆಲ್ಲ ಮಸೆದಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದೆ.

"ತಾತ, ನೀವು ಇಬ್ರಿಗೂ ಸುಳ್ಳು ಹೇಳಿದ್ದು ತಪ್ಪಲ್ವಾ?"

ಅವನು ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದ.

"ತಪ್ಪೇ. ಈಗ್ಲೇ ಓಗಿ ಮುನಿಯಣ್ಣ ಅಂದಿದ್ದು ಸುಳ್ಳು ಅಂತ ಇಬ್ರಿಗೂ ಅಂದ್ಬುಡು. ನಾಳೆಯಿಂದ ಇಬ್ರನ್ನೂ ನೀನೇ ಎಬ್ಸು."