ಔಡಲೆಣ್ಣೆ ಕುಡಿಯುತ್ತಿದ್ದ ಫಟಫಟಿ

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಹುಕ್ಕೇರಿಯಿಂದ ಗೋಕಾಕದ ಅರಳೆ ವ್ಯಾಪಾರಿಗಳ ಮನೆಗೆ ನಾನು ಸೊಸೆಯಾಗಿ ಬಂದೆ. ಬಂದ ದಿನವೇ ಮೂಗಿಗೆ ಬಿದ್ದದ್ದು ಔಡಲೆಣ್ಣೆಯ ವಾಸನೆ. ಕೂಸಿಗೆ ಎಣ್ಣೆ ಹಚ್ಚಿ ಎರೆದ ಮನೆಯಲ್ಲಿ ಬರುವಂಥ ವಾಸನೆ. ಆದರೆ ಆ ಮನೆಯಲ್ಲಿ ಕೂಸೇ ಇರಲಿಲ್ಲ. ಹೊಸ ಸೊಸೆ, ಯಾರನ್ನು ಕೇಳಬೇಕು?

ಮರುದಿನ ಬೆಳಿಗ್ಗೆ ಹಿತ್ತಲಿನಿಂದ ದಪ್ಪನೆಯ ಸದ್ದೊಂದು ಎದ್ದು, ಅಡುಗೆಮನೆಯ ಮಾಡದಲ್ಲಿದ್ದ ತಂಬಿಗೆಗಳೆಲ್ಲ ಗಲಗಲ ನಡುಗಿದವು. ಓಡಿಹೋಗಿ ಬಾಗಿಲಲ್ಲಿ ನಿಂತೆ. ಪೂಜೆ ಮುಗಿಸಿ ಹಣೆತುಂಬ ವಿಭೂತಿ ಧರಿಸಿದ್ದ ನಮ್ಮ ಮಾವನವರು ಒಂದು ಫಟಫಟಿಯ ಪಕ್ಕ ಕುಳಿತು ಅದರ ಎದೆಗೆ ಕಿವಿಗೊಟ್ಟಿದ್ದರು. ಸುತ್ತ ನೀಲಿ ಹೊಗೆ. ಆ ಹೊಗೆಯೇ ಔಡಲೆಣ್ಣೆಯ ವಾಸನೆ ಬೀರುತ್ತಿತ್ತು.

"ಹೆದರಬ್ಯಾಡ ಯವ್ವಾ," ಎಂದರು. "ಇದು ರೇಸಿನ ಗಾಡಿ. ಭಾಳ ಕಾಯತೈತಿ. ಸಾದಾ ಎಣ್ಣಿ ಹಾಕಿದರ ನೀರಾಗಿ ಹೋಗತೈತಿ. ಔಡಲೆಣ್ಣಿನ ಬೇಕು ಇದಕ್ಕ."

ಗಾಡಿ ಬಂದ ಕಥೆಯನ್ನು ಆಮೇಲೆ ನನ್ನ ಗಂಡ ಹೇಳಿದರು. ಜಲಪಾತದ ಹತ್ತಿರದ ಗಿರಣಿಯಲ್ಲಿ ಒಬ್ಬ ಬಿಳಿ ಎಂಜಿನಿಯರ್ ಇದ್ದನಂತೆ. ತನ್ನ ದೇಶದಲ್ಲಿ ರೇಸು ಓಡಿಸಿದ ಗಾಡಿಯನ್ನು ಹಡಗಿನಲ್ಲಿ ತರಿಸಿಕೊಂಡಿದ್ದ. ಊರಿಗೆ ಮರಳುವಾಗ ಅದನ್ನು ಅರಳೆ ಗೋದಾಮಿನ ಮೂಲೆಯಲ್ಲೇ ಬಿಟ್ಟುಹೋದ. ಅರಳೆ ಹಾಕಲು ಹೋದ ಮಾವನವರು ಚೀಲಗಳ ಸಂದಿಯಲ್ಲಿ ಅದರ ಹ್ಯಾಂಡಲ್ ಕಂಡವರು ಅಲ್ಲೇ ನಿಂತುಬಿಟ್ಟರು. ಜಾಗ ಖಾಲಿಯಾದರೆ ಸಾಕೆಂದು ಗಿರಣಿಯವರು ಕೊಟ್ಟರು. ಅದಕ್ಕೆ ದೀಪವಿಲ್ಲ, ಹಾರ್ನ್ ಇಲ್ಲ. ಪೆಟ್ರೋಲಿನ ಟಾಕಿ ಸೌತೆಕಾಯಿಯಂತೆ ಉದ್ದ. ಅದರ ಮೇಲೆ ಎದೆ ಊರಿ ಮಲಗಿ ಓಡಿಸಲೆಂದು ಚರ್ಮದ ಮೆತ್ತೆ. ಅದನ್ನು ನೋಡಿದಾಗಲೆಲ್ಲ ನನಗೆ ಗಾಳಿಗೆ ಮುಖವೊಡ್ಡಿ ನಿಂತ ಬೇಟೆನಾಯಿಯ ನೆನಪು ಬರುತ್ತಿತ್ತು.

ಸತ್ತಂತಿದ್ದ ಆ ಗಾಡಿಗೆ ಜೀವ ಬರಿಸಿದವರು ಮಸಗುಪ್ಪಿಯ ಹವಾಲ್ದಾರರು. ದೊಡ್ಡ ಲಡಾಯಿಯಲ್ಲಿ, ಎರಡನೆಯ ಮಹಾಯುದ್ಧದಲ್ಲಿ, ಮರಳುಗಾಡಿನ ತುಂಬ ಫಟಫಟಿ ಓಡಿಸಿ, ಸೈನ್ಯದ ಒಂದು ಬೀಡಿನಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತಿದ್ದವರು. ಪಲಟಣದಿಂದ ಬಂದ ಮೇಲೆ ಸ್ವಲ್ಪ ಹೊಲ, ಸ್ವಲ್ಪ ಕೂಲಿ. ವಾರಕ್ಕೊಮ್ಮೆ ಸೈಕಲ್ ಮೇಲೆ ಬರುತ್ತಿದ್ದರು. ಬಂದರೆಂದರೆ ಇಬ್ಬರಿಗೂ ಲೋಕದ ಪರಿವೆ ಇರುತ್ತಿರಲಿಲ್ಲ. ಪಿಸ್ಟನ್ ಅಂತ ಒಬ್ಬರು, ಕಾರ್ಬುರೇಟರ್ ಅಂತ ಒಬ್ಬರು. ಅರಳೆಯ ಧಾರಣೆ ಕೇಳಲು ಬಂದ ದಲಾಲಿ ಪಡಸಾಲೆಯಲ್ಲಿ ಕುಳಿತು ಕುಳಿತು ಎದ್ದುಹೋಗುತ್ತಿದ್ದ.

ಆದರೆ ಹವಾಲ್ದಾರರು ಹಿತ್ತಲಿನ ಕಲ್ಲಿನ ಮೇಲೆಯೇ ಕೂರುವವರು. ಅವರು ಊರ ಹೊರಗಿನ ಕೇರಿಯವರು. ಅವರದೊಂದು ಕಪ್ಪುಬಸಿ ದನದ ಕೊಟ್ಟಿಗೆಯ ಗೂಡಿನಲ್ಲಿ ಇರುತ್ತಿತ್ತು. ಅದಕ್ಕೆ ಮೇಲಿಂದ ಚಹಾ ಹೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಯಾರೂ ಹೇಳಿಕೊಡಲಿಲ್ಲ. ಅದು ಮನೆಯಲ್ಲಿ ನಡೆದುಕೊಂಡು ಬಂದದ್ದು, ನಡೆಯುತ್ತಿತ್ತು.

ಮದುವೆಯಾದ ವರ್ಷ ನನಗೆ ತವರಿನ ಹಂಬಲ ಬಹಳ. ಬಸ್ಸಿನಲ್ಲಿ ನೂಕುನುಗ್ಗಲು, ಗಂಡನಿಗೆ ಕೋರ್ಟಿನ ಕೆಲಸದಿಂದ ಬಿಡುವಿಲ್ಲ. ಒಮ್ಮೆ ನಾನು ಹಿತ್ತಲಲ್ಲಿ ಕಣ್ಣೊರೆಸಿಕೊಳ್ಳುವುದು ಮಾವನವರ ಕಣ್ಣಿಗೆ ಬಿದ್ದಿರಬೇಕು. "ಫಟಫಟಿಗೊಂದು ಬಾಜೂ ತೊಟ್ಟಿಲಾ ಕಟ್ಟಸೂಣು. ಹುಕ್ಕೇರಿಗೆ ನಾನ ಕರಕೊಂಡ ಹೋಗತೇನಿ," ಎಂದರು. ಸೊಸೆ ಮಾವನ ಬೆನ್ನಿಗೆ ಕೂರುವ ಕಾಲವಲ್ಲ ಅದು. ಪಕ್ಕದಲ್ಲಿ, ಬೇರೆ ತೊಟ್ಟಿಲಲ್ಲಿ ಕೂತರೆ ಯಾರೂ ಏನೂ ಅನ್ನಲಾರರು ಎಂಬುದು ಅವರ ಲೆಕ್ಕ.

ಹವಾಲ್ದಾರರಿಗೆ ಇದು ಮನಸ್ಸಿಗೆ ಬರಲಿಲ್ಲ. "ಓಡೂ ಕುದರಿಗೆ ಚಕ್ಕಡಿ ಕಟ್ಟಿದಂಗ ಆಗತೈತ್ರಿ ಸಾವ್ಕಾರ್ರ," ಎಂದರು. ಇಡೀ ಮುಂಜಾನೆ ಮುಖ ಗಂಟಿಕ್ಕಿಕೊಂಡಿದ್ದು, ಮಧ್ಯಾಹ್ನದ ಹೊತ್ತಿಗೆ ಇದ್ದಿಲಿನಿಂದ ನೆಲದ ಮೇಲೆ ಚೌಕಟ್ಟಿನ ನಕ್ಷೆ ಬರೆಯತೊಡಗಿದರು. ಕಬ್ಬಿಣದ ಚೌಕಟ್ಟು ಕಮ್ಮಾರಸಾಲೆಯಲ್ಲಿ ಆಯಿತು. ಮೇಲಿನ ತೊಟ್ಟಿಲನ್ನು ಮಾಡಿದವರು ನಮ್ಮ ಓಣಿಯ ಗೊಂಬೆ ಮಾಡುವವರು. ಮರದ ಮಾವು, ಬಾಳೆ, ಸೀತಾಫಲಗಳನ್ನು ನಿಜವಾದವೆಂದು ಇರುವೆ ಕೂಡ ಮೋಸಹೋಗುವಂತೆ ಮಾಡುವ ಮನೆತನ. ಅದೇ ಹಗುರ ಕಟ್ಟಿಗೆ, ಅದೇ ಹುಣಸೆಬೀಜದ ಅಂಟು ಸರಿ, ಅದೇ ಮಿರುಗುವ ಬಣ್ಣ. ಹೊರಗೆ ಗಿಳಿಹಸಿರು, ಒಳಗೆ ಹಳದಿ. ಉದ್ದಕ್ಕೆ ಸೀಳಿದ ಪಪ್ಪಾಯಿಯಂತೆ ಅದು ಫಟಫಟಿಯ ಪಕ್ಕ ಕೂತಾಗ ಹವಾಲ್ದಾರರು ದೂರ ನಿಂತು ತಲೆ ವಾರೆ ಮಾಡಿ ನೋಡಿ, "ಚಂದ ಆತ್ರಿ," ಎಂದಷ್ಟೇ ಹೇಳಿದರು.

ಅದರಲ್ಲಿ ಕೂತು ಹೋದ ಮೊದಲ ಬೆಳಗು ಎಚ್ಚರದಲ್ಲಿ ನಡೆದದ್ದೋ ಕನಸಿನಲ್ಲೋ, ಈಗಲೂ ಹೇಳಲಾರೆ. ಕಾಲುವೆಯ ದಂಡೆಯ ಮೇಲೆ ಮಂಜು ಬಿದ್ದಿತ್ತು. ತೊಟ್ಟಿಲು ನೆಲಕ್ಕೆ ಹತ್ತಿರ. ದಾರಿ ನನ್ನ ಮೊಣಕೈ ಪಕ್ಕದಲ್ಲೇ ನೀರಿನಂತೆ ಹರಿಯುತ್ತಿತ್ತು. ಜೋಳದ ತೆನೆಗಳು ತಲೆಗಿಂತ ಎತ್ತರದಲ್ಲಿ ತೂಗುತ್ತ ಬಂದು ಹಿಂದೆ ಸರಿಯುತ್ತಿದ್ದವು. ಮಾವನವರು ವಚನ ಹಾಡುತ್ತಿದ್ದರು; ಒಂದು ಸಾಲು ನನಗೆ ಕೇಳಿಸುತ್ತಿತ್ತು, ಮುಂದಿನದನ್ನು ಗಾಳಿ ಒಯ್ಯುತ್ತಿತ್ತು. ಸೆರಗು ಜಾರಿತು. ಹಿಡಿಯಬೇಕೆಂದು ಅನ್ನಿಸಲೇ ಇಲ್ಲ. ಹುಕ್ಕೇರಿ ಬಂದಾಗ ಇಷ್ಟು ಬೇಗ ಏಕೆ ಬಂತೆಂದು ಬೇಸರವಾಯಿತು. ತವರಿಗೆ ಹೋಗುವಾಗ ಹಾಗೆ ಬೇಸರಪಟ್ಟ ಹೆಣ್ಣು ನಾನೊಬ್ಬಳೇ ಇರಬೇಕು.

ಹೀಗೆ ಒಂದೆರಡು ವರ್ಷ ನಡೆಯಿತು. ಆಮೇಲೆ ಹವಾಲ್ದಾರರು ಕೆಲವು ವಾರ ಬರಲಿಲ್ಲ. ಬಂದ ದಿನ ಬಿಳಿ ಅಂಗಿ ತೊಟ್ಟಿದ್ದರು. ಎಂದಿನಂತೆ ಚೈನ್ ಬಿಗಿದು, ಕೈ ಒರೆಸಿಕೊಂಡರು. ಆದರೆ ನಾನು ಚಹಾ ತಂದಾಗ ಕಪ್ಪು ಮುಂದೆ ಹಿಡಿಯಲಿಲ್ಲ.

"ಸಾವ್ಕಾರ್ರ, ನಾವೆಲ್ಲಾ ಬೌದ್ಧರಾಗೇವಿ," ಎಂದರು. ದನಿ ಶಾಂತವಾಗಿತ್ತು. "ಇನ್ನ ಆ ಗೂಡಿನ ಕಪ್ಪಿನಾಗ ನಾ ಚಾ ಕುಡಿಯಂಗಿಲ್ರಿ. ಗಾಡಿ ಕೆಲಸಕ್ಕ ಬರತೇನಿ. ಚಾ ಬ್ಯಾಡ."

ಮಾವನವರು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಲ್ಲಿ ಅತ್ತೆಯವರು ನಿಂತಿದ್ದರು. ಅವರು ಬೆನ್ನು ತಿರುಗಿಸಿ ಒಳಗೆ ಹೋದರು. ಮಾವನವರು ಗಾಡಿಯ ಚೈನಿನ ಕಡೆ ತಲೆ ತಗ್ಗಿಸಿದರು. ಹವಾಲ್ದಾರರು ಸ್ವಲ್ಪ ಹೊತ್ತು ಕಾದು, ಸೈಕಲ್ ಹತ್ತಿದರು.

ಬರುತ್ತೇನೆ ಅಂದವರು ಮುಂದಿನ ವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಮಾವನವರು ಗಾಡಿಯ ಮೇಲೆ ಗೋಣಿತಟ್ಟು ಹೊದಿಸಿದರು. ಊಟಕ್ಕೆ ಕೂತರೆ ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡಿರುತ್ತಿದ್ದರು. ಒಂದು ಬೆಳಿಗ್ಗೆ ಪೂಜೆ ಮುಗಿಸಿದವರೇ ಕೊಟ್ಟಿಗೆಗೆ ಹೋಗಿ ಗೂಡಿನ ಕಪ್ಪು ತೆಗೆದು, ಅದರಲ್ಲಿ ಬಿಡಿ ನಟ್ಟು ಬೋಲ್ಟುಗಳನ್ನು ತುಂಬಿ ಹತ್ಯಾರಗಳ ಜತೆ ಇಟ್ಟರು.

"ತಂಗಿ, ಸೆರಗ ಬಿಗಿ ಕಟಗೋ. ಮಸಗುಪ್ಪಿಗೆ ಹೋಗೂಣು."

ಅತ್ತೆಯವರು ಕೇಳಿದರು, "ಊಟಕ್ಕ ಬರತೀರೇನು?"

"ಇಲ್ಲ. ಅಲ್ಲೇ ಉಂಡ ಬರತೇವಿ."

ದಾರಿಯುದ್ದಕ್ಕೂ ಗಾಡಿ ಕೆಮ್ಮಿತು. ಕೇರಿಯ ಮುಂದೆ ನಿಂತಾಗ ಜನ ಹೊರಬಂದು ನೋಡುತ್ತಿದ್ದರು. ಹವಾಲ್ದಾರರು ಬಂದವರೇ ನಮ್ಮ ಮುಖ ನೋಡುವ ಮೊದಲು ಗಾಡಿಯ ಸದ್ದು ಆಲಿಸಿ, "ಟೈಮಿಂಗ್ ಹಿಂದ ಬಿದ್ದೈತ್ರಿ," ಎಂದರು. ಅವರ ಹೆಂಡತಿ ಮಾತ್ರ ಹೊಸ್ತಿಲಲ್ಲೇ ನಿಂತು ಕೇಳಿದರು, "ಉಣ್ಣವರಂಗ ಬಂದೀರೋ, ನೋಡವರಂಗ ಬಂದೀರೋ?"

"ಹಸದ ಬಂದೇವಿ ಯವ್ವಾ," ಎಂದರು ಮಾವನವರು.

ಆ ಹೆಣ್ಣುಮಗಳು ನಮ್ಮಿಬ್ಬರನ್ನೂ ಒಮ್ಮೆ ನೋಡಿ ಒಳಗೆ ಕಂಬಳಿ ಹಾಸಿದರು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ. ನನ್ನ ಮೊದಲ ತುತ್ತು ಬಾಯಿಗೆ ಹೋಗಲು ಸ್ವಲ್ಪ ತಡವಾಯಿತು. ಎರಡನೆಯದಕ್ಕೆ ಹಸಿವು ತಾನಾಗಿ ಬಂತು. ಮಾವನವರು ಕೇಳಿ ಪಲ್ಯ ಹಾಕಿಸಿಕೊಂಡರು. ಕೈ ತೊಳೆಯುವಾಗ ಅವರು, "ವಾರದಾಗ ಬರ್ರಿ. ನಮ್ಮ ಪಡಸಾಲಿಗೆ ಬರ್ರಿ, ಹಿತ್ತಲಿಗಲ್ಲ," ಎಂದರು. ಅಲ್ಲಿಯವರೆಗೆ ಅವರು ಹವಾಲ್ದಾರರಿಗೆ 'ಬಾ' ಅನ್ನುತ್ತಿದ್ದರು. ಅಂದೇ ಮೊದಲ ಸಲ 'ಬರ್ರಿ' ಅಂದದ್ದು.

ಮನೆಗೆ ಬಂದಾಗ ಅತ್ತೆಯವರು ಊಟ ಮಾಡಿರಲಿಲ್ಲ. ಬಹಳ ಹೊತ್ತಿನ ಮೇಲೆ ನನ್ನ ಹತ್ತಿರ ಬಂದು, "ಏನ್ ಮಾಡಿದ್ರು?" ಎಂದು ಕೇಳಿದರು.

"ಪುಂಡಿಪಲ್ಯ, ಅತ್ತೀ."

"ಬೆಳ್ಳೊಳ್ಳಿ ಹಾಕಿದ್ರೇನು?"

"ಹಾಕಿದ್ರು."



ಪೇಟೆಯಲ್ಲಿ ಮಾತಾಯಿತು. ಹಿರಿಯರೊಬ್ಬರು ಮನೆಗೇ ಬಂದು, ಇದು ಸರಿಯಲ್ಲವೆಂದು ಮೆಲ್ಲಗೆ ಹೇಳಿದರು. "ಹಾಡೂ ಮುಂದ ಎಲ್ಲಾರೂ ಒಂದ ಅಂತೀವಿ. ಉಣ್ಣೂ ಮುಂದ ಯಾಕ ಬ್ಯಾರೆ ಆಗಬೇಕು?" ಎಂದು ಮಾವನವರು ಕೇಳಿದ್ದಕ್ಕೆ ಆ ಹಿರಿಯರು ಟೊಪ್ಪಿಗೆ ಸರಿಮಾಡಿಕೊಂಡು ಎದ್ದರು. ಹವಾಲ್ದಾರರು ಪಡಸಾಲೆಯಲ್ಲಿ ಕುಳಿತು ಮನೆಯ ಕಪ್ಪಿನಲ್ಲೇ ಚಹಾ ಕುಡಿಯತೊಡಗಿದರು. ಅತ್ತೆಯವರು ಆ ಹೊತ್ತಿಗೆ ದೇವರಮನೆ ಸೇರುತ್ತಿದ್ದರು. ತಡೆಯಲೂ ಇಲ್ಲ, ಎದುರಿಗೂ ಬರಲಿಲ್ಲ.

ಬೇಸಿಗೆಯಲ್ಲಿ ದಡ್ಡಿ ಎಂಬ ಊರಿನ ಹತ್ತಿರ ಘಟಪ್ರಭೆ ಹೊಳೆ ಸಣ್ಣಗಾಗಿ, ಅಗಲವಾದ ಉಸುಕು ತೆರೆದುಕೊಳ್ಳುತ್ತಿತ್ತು. ಸುತ್ತಲಿನ ಫಟಫಟಿಯ ಹುಚ್ಚರೆಲ್ಲ ಅಲ್ಲಿ ಕೂಡುತ್ತಿದ್ದರು. ಲಡಾಯಿ ಮುಗಿದ ಮೇಲೆ ಪಲಟಣದವರು ಮಾರಿದ ಖಾಕಿ ಬಣ್ಣದ ಗಾಡಿಗಳೇ ಹೆಚ್ಚು. ಒಬ್ಬ ಡಾಕ್ಟರು ತಮ್ಮದಕ್ಕೆ ಬೆಳ್ಳಗೆ ಬಣ್ಣ ಬಳಿಸಿದ್ದರು. ಒಬ್ಬ ಗುತ್ತಿಗೆದಾರ ಎರಡು ಗಾಡಿ ಬಿಚ್ಚಿ ಒಂದು ಮಾಡಿದ್ದ. ಉಳಿದವರು ಒಬ್ಬರ ಗಾಡಿಯನ್ನೊಬ್ಬರು ಮುಟ್ಟಿ, ಬಗ್ಗಿ, ಮೂಸಿ ನೋಡುತ್ತಿದ್ದರು. ಆ ವರ್ಷ ಬಾಜೂ ತೊಟ್ಟಿಲಿದ್ದವರ ಪಂದ್ಯವೂ ಇತ್ತು. ಹವಾಲ್ದಾರರು ಹ್ಯಾಂಡಲ್ ಹಿಡಿಯುವುದೆಂದೂ ಮಾವನವರು ತೊಟ್ಟಿಲಲ್ಲಿ ಕೂರುವುದೆಂದೂ ಆಯಿತು. ಎಡಕ್ಕೆ ತಿರುಗುವಾಗ ತೊಟ್ಟಿಲಿನ ಗಾಲಿ ಏಳುತ್ತದೆ. ಆಗ ಕೂತವರು ಮೈ ಹೊರಗೆ ಚಾಚಿ ಅದನ್ನು ನೆಲಕ್ಕೆ ಒತ್ತಬೇಕು. ಮಾವನವರು ಧೋತರದ ಕಚ್ಚೆ ಬಿಗಿದು, ರುಮಾಲು ತೆಗೆದು ನನ್ನ ಕೈಗೆ ಕೊಟ್ಟರು.

ನಾನು ದಂಡೆಯ ಮರದ ನೆರಳಲ್ಲಿ ನಿಂತಿದ್ದೆ. ಬಿಸಿಲಿಗೆ ಉಸುಕು ಕುದಿಯುವ ಹಾಲಿನಂತೆ ಅಲುಗುತ್ತಿತ್ತು. ಗಾಡಿಗಳು ಅದರೊಳಗೆ ಹೋಗಿ ಕರಗಿ, ಮತ್ತೆ ಮೂಡಿ ಬರುತ್ತಿದ್ದವು. ನಮ್ಮ ಗಿಳಿಹಸಿರು ಎಲ್ಲಕ್ಕಿಂತ ಮುಂದಿತ್ತು. ತಿರುವಿನಲ್ಲಿ ಹವಾಲ್ದಾರರ ಪಲಟಣದ ದನಿ ಕೇಳಿಸಿತು: "ಹೊರಗ ಬಗ್ಗ್ರಿ ಸಾವ್ಕಾರ್ರ, ಇನ್ನೂ ಹೊರಗ." ಮಾವನವರು ಬಗ್ಗಿದರು. ಅವರ ಬಿಳಿ ಕೂದಲು ಉಸುಕಿಗೆ ತಾಗುವಂತೆ ಕಂಡಿತು. ಎಂದೂ ಯಾರ ಅಪ್ಪಣೆಯನ್ನೂ ಕೇಳದ ಮನುಷ್ಯ ಹೇಳಿದ ಹಾಗೆ ಬಾಗುತ್ತ, ಏಳುತ್ತ, ಗಾಳಿಯಲ್ಲಿ ತೇಲುವವರಂತೆ ಹೋದರು.

ಎರಡನೆಯ ಸುತ್ತಿನಲ್ಲಿ ಉಸುಕಿನಡಿಯ ಕಲ್ಲೊಂದು ತೊಟ್ಟಿಲಿಗೆ ಬಡಿಯಿತು. ಗಾಡಿ ದಿಕ್ಕು ತಪ್ಪಿ, ಸೀದಾ ನೀರಿಗೆ ನುಗ್ಗಿ ಮಗುಚಿತು. ಸದ್ದು ನಿಂತಿತು. ನಾನು ಓಡಿದೆ. ಮೊಣಕಾಲು ನೀರಿನಲ್ಲಿ ಇಬ್ಬರೂ ಕುಳಿತಿದ್ದರು. ಮಾವನವರು ಮೊದಲು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿ ನೋಡಿಕೊಂಡರು. ಆಮೇಲೆ, "ಗಾಡಿ?" ಎಂದರು.

"ಗಾಡಿ ಇರಲಿ. ಎಲುವ ನೋಡಕೋರಿ," ಎಂದು ಹವಾಲ್ದಾರರು ಅವರ ಕೈಕಾಲು ಸವರಿ ನೋಡಿದರು. ಏನೂ ಮುರಿದಿರಲಿಲ್ಲ. ಇಬ್ಬರಿಗೂ ಒಟ್ಟಿಗೇ ನಗೆ ಬಂತು. ನೀರಿನಲ್ಲಿ ಕುಳಿತೇ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಪಂದ್ಯ ಬೆಳ್ಳನೆಯ ಗಾಡಿಯ ಡಾಕ್ಟರಿಗೆ ಹೋಯಿತು.

ಮರದಡಿ ಬುತ್ತಿ ಬಿಚ್ಚಿದೆ. ಅತ್ತೆಯವರು ಕಟ್ಟಿಕೊಟ್ಟದ್ದು. ರೊಟ್ಟಿ ನಮ್ಮಿಬ್ಬರಿಗೆ ಬೇಕಾದ್ದಕ್ಕಿಂತ ಹೆಚ್ಚಿದ್ದವು. ಎಣ್ಣೆಗಾಯಿಯೂ ಮೂವರಿಗೆ ಸಾಲುವಷ್ಟಿತ್ತು. ಅತ್ತೆ ಲೆಕ್ಕ ತಪ್ಪುವವರಲ್ಲ. ಮಾವನವರು ಬುತ್ತಿಯನ್ನು ನೋಡಿದರು, ನನ್ನನ್ನು ನೋಡಿದರು, ರೊಟ್ಟಿಯನ್ನು ಹವಾಲ್ದಾರರ ಕಡೆ ಸರಿಸಿದರು.

ದಡ್ಡಿಯ ಆ ಪಂದ್ಯವೇ ನಮಗೆ ಕಡೆಯದಾಯಿತು. ಕೆಲವು ವರ್ಷಗಳಲ್ಲಿ ಮಾವನವರ ಕಣ್ಣಿಗೆ ಪೊರೆ ಬಂತು. ಶಸ್ತ್ರಚಿಕಿತ್ಸೆ ಮಾಡಿಸಿದರೂ ಬೆಳಕು ಕತ್ತಲೆಯಷ್ಟೇ ತಿಳಿಯುತ್ತಿತ್ತು. ಗಾಡಿಯನ್ನು ಮಸಗುಪ್ಪಿಗೆ ಕಳಿಸಿಕೊಟ್ಟರು. ಓಡಿಸುವವರ ಹತ್ತಿರ ಇರಲಿ ಎಂದರು. ಹವಾಲ್ದಾರರು ಮಾತ್ರ ವಾರಕ್ಕೊಮ್ಮೆ ಬೆಳಿಗ್ಗೆ ಬಂದು ಅವರನ್ನು ತೊಟ್ಟಿಲಲ್ಲಿ ಕೂರಿಸಿಕೊಂಡು ಕಾಲುವೆ ದಂಡೆಗೆ ಹೋಗುವುದನ್ನು ಬಿಡಲಿಲ್ಲ. ಹತ್ತಿಳಿಯುವಾಗ ಮಾವನವರ ಕೈ ಹಿಡಿಯಲು ಒಬ್ಬರು ಬೇಕೆಂದು ನಾನೂ ಹೋಗುತ್ತಿದ್ದೆ. ಆಗ ನಾನು ಹವಾಲ್ದಾರರ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಕಾಲ ಅಷ್ಟು ಬದಲಾಗಿತ್ತು, ಅಥವಾ ನಾನು ಬದಲಾಗಿದ್ದೆ.

ಹವಾಲ್ದಾರರು ಗಾಡಿಯನ್ನು ನಿಧಾನಕ್ಕೆ ಬಿಟ್ಟು, ದಾರಿಯಲ್ಲಿ ಕಂಡದ್ದನ್ನೆಲ್ಲ ಹೇಳುತ್ತ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಹೇಳಿದರು:

"ಎಡಕ್ಕ ಕಬ್ಬ ಐತ್ರಿ, ಬೆಳ್ಳನ ಸೂಲಂಗಿ ಹೂ ಬಿಟ್ಟೈತಿ. ಮಂಜ ಇನ್ನೂ ಎದ್ದಿಲ್ಲ. ನೀರಿನ ದಂಡಿಗೆ ಒಂದ ಕೊಕ್ಕರಿ ನಿಂತೈತಿ."

ಮಾವನವರು ಮುಖವನ್ನು ಆ ಕಡೆ ತಿರುಗಿಸಿ ಕೇಳಿದರು. "ಒಂದ ಕಾಲ ಮ್ಯಾಲ ನಿಂತೈತೇನು?"

"ಹೌದ್ರಿ."

"ಸಾವಕಾಶ ಹೋಗ್ರಿ. ಎದ್ದ ಹಾರೀತು."

ಹವಾಲ್ದಾರರು ಇಂಜಿನ್ ಆರಿಸಿದರು. ಗಾಡಿ ಸದ್ದಿಲ್ಲದೆ ಇಳಿಜಾರಿನಲ್ಲಿ ಉರುಳಿ, ಕೊಕ್ಕರೆಯ ಪಕ್ಕದಿಂದಲೇ ಮುಂದೆ ಹೋಯಿತು. ಹಕ್ಕಿ ಏಳಲಿಲ್ಲ.