ಒಂದೇ ರಾಶಿಯಾದ ರಾಗಿ

ಸುಳ್ಳಾಗಿರಲಿ ಅನ್ನಿಸುತ್ತಿದೆ...
ಬೆಳಗ್ಗೆ ಅವರ ಮಗಳ ಫೋನು. “ಆಂಟಿ, ಅಪ್ಪ ಈಸ್ ಗಾನ್” ಎಂದಳು.
ಇಟ್ಟ ಮೇಲೆ ಮತ್ತೆ ನಾನೇ ಮಾಡಿ ಕೇಳಿದೆ. ಅದೇ ಉತ್ತರ...

ನಮ್ಮ ನಂಜಪ್ಪ ಸರ್ ಇನ್ನಿಲ್ಲ.

ಮಣ್ಣು ವಿಜ್ಞಾನಿ. ಲ್ಯಾಬಿನಲ್ಲಿ ನನಗೆ ಸೀನಿಯರ್.
ರಿಟೈರ್ ಆದವರೆಲ್ಲ ಕ್ರೂಸಿಗೆ ಹೊರಟರೆ, ಇವರು ಈ ಚಳಿ ದೇಶದಲ್ಲಿ, ಸ್ಟೌಫ್‌ವಿಲ್ ಊರಿನ ಹತ್ತಿರ ತುಂಡು ಜಮೀನು ಲೀಸಿಗೆ ಹಿಡಿದು, ರಾಗಿ ಬೀಜಕ್ಕೆ ಬೆಲ್ಲದ ನೀರಿನಲ್ಲಿ ಜೈವಿಕ ಗೊಬ್ಬರ ಹಚ್ಚುತ್ತಾ ಕೂತರು.
ಅರ್ಧ ಪ್ಲಾಟಿಗೆ ಗೊಬ್ಬರ ಹಚ್ಚಿದ ಬೀಜ, ಅರ್ಧಕ್ಕೆ ಹಚ್ಚದ್ದು.
ಬೇರೆ ಬೇರೆ ಕೊಯ್ದು, ಬೇರೆ ಬೇರೆ ತೂಗಬೇಕು... ಇಷ್ಟೇ ಪ್ರಯೋಗ.

ಇದೇ ಗೊಬ್ಬರದಿಂದ ಟೊಮೇಟೊ ಇಳುವರಿ ಹೆಚ್ಚಿದ್ದು ಖಾತ್ರಿಯಾಗಿತ್ತು.
ಧಾನ್ಯಕ್ಕೂ ಆಗುತ್ತದೆಯೇ? ಸಾಯುವುದರೊಳಗೆ ಅದೊಂದು ಗೊತ್ತಾಗಬೇಕಿತ್ತು ಅವರಿಗೆ.
ಒಂದು ವರ್ಷ ಬೆಳೆ ಫ್ರಾಸ್ಟಿಗೆ, ಹೆಪ್ಪುಗಟ್ಟುವ ಇಬ್ಬನಿಗೆ, ಹೋಯಿತು. ಇನ್ನೊಂದು ವರ್ಷ ಜಿಂಕೆಗಳು ಮೇಯ್ದವು.
ಈ ವರ್ಷ ತೆನೆ ತುಂಬಿತ್ತು...
ಸರ್ ಆಸ್ಪತ್ರೆ ಸೇರಿದರು. ನಾನು ಅವರ ಪಕ್ಕದಲ್ಲಿದ್ದೆ.

ಮತ್ತೆ ಫ್ರಾಸ್ಟ್ ಬೀಳುತ್ತದೆಂದು ಹೆದರಿ ನಮ್ಮ ಕನ್ನಡದ ಗೆಳೆಯರೆಲ್ಲ ಹೊಲಕ್ಕೆ ಹೋದರು.
ಯಾರಿಗೂ ಹೇಳದೆ, ಸರ್‌ಗೆ ಸರ್‌ಪ್ರೈಸ್ ಅಂತ.
ಎಲ್ಲ ಕೊಯ್ದು, ಬಡಿದು, ತೂರಿ, ಒಂದೇ ರಾಶಿ ಮಾಡಿದರು.
ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು ರಾಶಿ ಪೂಜೆ...
ಫೋಟೊ ನೇರ ಸರ್ ಫೋನಿಗೇ ಬಂತು.

ಸರ್...
ಆ ಫೋಟೊವನ್ನು ನೀವು ದೊಡ್ಡದು ಮಾಡಿ ಮಾಡಿ ನೋಡಿದಿರಿ.
ಮೂಲೆಯಲ್ಲೆಲ್ಲಾದರೂ ಇನ್ನೊಂದು ರಾಶಿ ಇದೆಯೇ ಅಂತ...
ಇರಲಿಲ್ಲ.
“ಪಾಪ, ಎಷ್ಟ್ ಚೆನ್ನಾಗ್ ಪೂಜೆ ಮಾಡವ್ರೆ ನೋಡಮ್ಮ” ಅಂದಿರಿ.
ಆಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿರಿ.

ಗೆಳೆಯರೇ, ನೀವೂ ಇದನ್ನು ಓದುತ್ತೀರಿ.
ನಿಮ್ಮ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ನನಗಿದೆ. ಅವರಿಗಿರಲಿಲ್ಲ.
ಒಳ್ಳೆಯದು ಮಾಡಲು ಹೋದವರನ್ನು ಏನೆಂದು ಬೈಯಲಿ...

ನಿನ್ನೆ ಸಂಜೆ ಸ್ವಲ್ಪ ಚೇತರಿಸಿಕೊಂಡಿದ್ದರು.
“ಬರೋ ವರ್ಷ ಬೇರೆ ಬೇರೆ ಕೊಯ್ಸಣ” ಎಂದರು.
ಹೂಂ ಸರ್, ಎಂದೆ.
ಜಮೀನಿನ ಲೀಸು ಮುಗಿದಿದೆ. ವಸಂತಕಾಲ ಬಂದರೆ ಜಮೀನಿನವರು ಅಲ್ಲಿ ಮನೆ ಕಟ್ಟುತ್ತಾರೆ.
ಅದು ನನಗೂ ಗೊತ್ತಿತ್ತು... ಅವರಿಗೂ ಗೊತ್ತಿತ್ತು.

ಹೋಗಿ ಸರ್...
ಕೇಳಿದ್ದಕ್ಕೆ ಈ ನೆಲ ಉತ್ತರ ಕೊಡಲಿಲ್ಲ. ನಿಮ್ಮ ಜೀವಕ್ಕೆ ನೆಮ್ಮದಿಯನ್ನಾದರೂ ಕೊಡಲಿ.