ಗಂಡು ಪಾರಿವಾಳದ ಬಾಣಂತನ

ಗಂಡಸಿಗೆ ಬಾಣಂತನ ಮಾಡಿದ ಹೆಂಗಸನ್ನು ನೀವು ಎಲ್ಲಾದರೂ ನೋಡಿದ್ದೀರಾ?

ನಾನು ನೋಡಿದ್ದೇನೆ. ನಮ್ಮ ಪಕ್ಕದ ಮನೆಯ ಸುಮಿತ್ರಾ ಕಾಕು. ದಿನಾ ಮಧ್ಯಾಹ್ನದ ಊಟಕ್ಕೆ ಮೊದಲು ಒಂದು ಬಟ್ಟಲಲ್ಲಿ ನೆನೆಸಿದ ಜೋಳ, ಇನ್ನೊಂದರಲ್ಲಿ ಉಗುರುಬೆಚ್ಚಗಿನ ನೀರು ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಬಾಲ್ಕನಿಯ ಬಾಗಿಲಲ್ಲಿ ನಿಂತು, "ಉಣ್ಣವಾ, ಹಸಿ ಮೈ ನಿಂದು. ಹೊಟ್ಟಿ ಖಾಲಿ ಇಡಬಾರ್ದು" ಎನ್ನುತ್ತಿದ್ದರು. ಗೂಡಿನ ಮೇಲಿದ್ದ ಬಾಣಂತಿ ಕೆಂಪು ಕಣ್ಣು ಪಿಳಿಪಿಳಿ ಮಾಡಿ ಅವರನ್ನೇ ನೋಡುತ್ತಿತ್ತು.

ಅದು ಗಂಡು ಪಾರಿವಾಳ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. (ಅದಕ್ಕೆ ಗೊತ್ತಿದ್ದಿರಬೇಕು.)

ಮೊದಲಿನಿಂದ ಹೇಳುತ್ತೇನೆ. ಬೈಲಹೊಂಗಲದಲ್ಲಿ ನಾವಿರುವ ಅಪಾರ್ಟ್‌ಮೆಂಟಿಗೆ ಇರುವುದೇ ಮೂರು ಮಹಡಿ. ನಮ್ಮದು ಎರಡನೆಯದು. ನಮ್ಮ ಬಾಲ್ಕನಿಗೂ ಕಾಕು ಅವರ ಬಾಲ್ಕನಿಗೂ ನಡುವೆ ಒಂದು ಕಬ್ಬಿಣದ ಗ್ರಿಲ್ ಮಾತ್ರ. ಸಕ್ಕರೆ, ಹೆಪ್ಪು, ಜಗಳ ಎಲ್ಲವೂ ಅದರ ಸಂದಿಯಿಂದಲೇ ದಾಟುತ್ತವೆ. ನಮ್ಮ ಕಡೆಯ ಮೂಲೆಯಲ್ಲಿ ಏರ್ ಕೂಲರ್ ಇದೆ. ಬಿಸಿಲು ಏರತೊಡಗಿದಾಗ ಅದನ್ನು ತೊಳೆಯೋಣ ಎಂದು ಹೋದರೆ ಅದರ ನೆತ್ತಿಯ ಮೇಲೆ ಆಗಲೇ ಯಾರೋ ಸಂಸಾರ ಹೂಡಿದ್ದರು. ಒಂದಿಷ್ಟು ಕಡ್ಡಿ, ಒಂದು ತುಂಡು ವೈರು, ಯಾರದೋ ಪೊರಕೆಯ ಎಳೆಗಳು, ನಡುವೆ ಎರಡು ಬಿಳಿ ಮೊಟ್ಟೆ. ಅದನ್ನು ಗೂಡು ಎಂದು ಕರೆಯಲು ದೊಡ್ಡ ಮನಸ್ಸು ಬೇಕು. ಹತ್ತಿರದಲ್ಲೇ ಕಿತ್ತೂರಿನ ಕೋಟೆ ಇದೆ. ಅಷ್ಟೊಂದು ಹಳೆಯ ಗೋಡೆ, ಅಷ್ಟೊಂದು ಸಂದಿಗೊಂದಿ. ಅದನ್ನೆಲ್ಲ ಬಿಟ್ಟು ಈ ಕಾಡುಪಾರಿವಾಳಗಳಿಗೆ ನಮ್ಮ ಕೂಲರೇ ಬೇಕಿತ್ತೇ?

ನಮ್ಮ ಯಜಮಾನರು ಗೂಡನ್ನು ಎತ್ತಿ ಆಚೆ ಇಡಲು ಕೈ ಚಾಚಿದ್ದರು ಅಷ್ಟೇ. ಗ್ರಿಲ್ಲಿನ ಆಚೆಯಿಂದ ಕಾಕು ಕೂಗಿದರು.

"ಕೈ ಹಚ್ಚಬ್ಯಾಡ್ರಿ! ನಮ್ಮನ್ಯಾಗ ದಿನ ತುಂಬಿದ ಬಸರಿ ಇದ್ದಾಳ. ಬಸರಿ ಇದ್ದ ಮನಿ ಬಗಲಾಗ ಯಾರರೆ ಗೂಡು ಕೀಳ್ತಾರೇನು?"

ಬಸರಿ ಎಂದರೆ ಅವರ ಮಗಳು ಪಲ್ಲವಿ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಾತು ಅಲ್ಲಿಗೆ ಮುಗಿಯಿತು. ಗೂಡು ಉಳಿಯಿತು. ಕೂಲರ್ ಬಂದ್ ಆಯಿತು. ಫ್ಯಾನಿನ ಬಿಸಿಗಾಳಿಯಲ್ಲಿ ನಾವಿಬ್ಬರೂ ಬೆಂದೆವು.

ಪಲ್ಲವಿಗೆ ಹೆಣ್ಣು ಮಗು ಹುಟ್ಟಿದ ವಾರವೇ ಮೊಟ್ಟೆಗಳೂ ಒಡೆದವು. ಕಾಕು ಅವರಿಗೆ ಈಗ ಇಬ್ಬರು ಬಾಣಂತಿಯರು. ಒಬ್ಬಳಿಗೆ ಅಳವಿ ಬೀಜದ ಪಾಯಸ, ಇನ್ನೊಬ್ಬಳಿಗೆ ನೆನೆಸಿದ ಜೋಳ. "ಬಾಣಂತಿಗೆ ಗಾಳಿ ಬಡೀಬಾರ್ದು" ಎಂದು ನಮ್ಮ ಬಾಲ್ಕನಿಯ ಸರಳುಗಳಿಗೆ ಹಳೆಯ ಬೆಡ್‌ಶೀಟ್ ಕಟ್ಟಿದರು. ಅಂಟಿನುಂಡೆ ಪುಡಿ ಮಾಡಿ ಗೂಡಿನ ಪಕ್ಕ ಉದುರಿಸಿದರು. ಕೆಂಡದ ಮೇಲೆ ಓಮಿನ ಕಾಳು ಹಾಕಿ ಹೊಗೆ ಕೊಡಲು ಬಂದಾಗ ಮಾತ್ರ ನಾನು ಅಡ್ಡ ನಿಂತೆ. (ಬಾಣಂತಿ ಹಾರಿಹೋದರೆ ಮರಿಗಳ ಗತಿ?)

ಇನ್ನು ನನ್ನ ಕಥೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ ಎಂದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಆಗಿಹೋದದ್ದನ್ನು ನೆನೆಯುವಾಗ ನಾನು ಅದಕ್ಕೆ ಸ್ವಲ್ಪ ಇಸ್ತ್ರಿ ಹಾಕಿಬಿಡುತ್ತೇನೆ, ಸುಕ್ಕೆಲ್ಲ ಮಾಯ. ಅದಕ್ಕೇ ಈ ಸಲ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೊಬೈಲಿನಲ್ಲಿ ಗೂಡಿನ ಫೋಟೋ ತೆಗೆದಿಡುತ್ತಿದ್ದೆ. ಯಾರಾದರೂ ಕೇಳಿದ್ದರೆ, ಇಷ್ಟು ದಿನವೂ ಗೂಡಿನ ಮೇಲೆ ಕೂತದ್ದು ಒಂದೇ ಹಕ್ಕಿ, ಅದು ತಾಯಿ ಎಂದು ಆಣೆ ಮಾಡಿ ಹೇಳುತ್ತಿದ್ದೆ. ಒಂದು ದಿನ ಸುಮ್ಮನೆ ಫೋಟೋಗಳನ್ನು ತಿರುವುತ್ತ ಹೋದಾಗ ನನ್ನ ಆಣೆಗೆ ಬೆಲೆ ಉಳಿಯಲಿಲ್ಲ. ಬೆಳಗಿನ ಮತ್ತು ಸಂಜೆಯ ಹಕ್ಕಿಯ ರೆಕ್ಕೆಯಲ್ಲಿ ಒಂದು ಬಿಳಿ ಗರಿ ಇತ್ತು. ಮಧ್ಯಾಹ್ನದ ಹಕ್ಕಿಗೆ ಇರಲಿಲ್ಲ.

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಗೆಳತಿಗೆ ಫೋನ್ ಮಾಡಿದೆ. ಅವಳು ಬಿದ್ದು ಬಿದ್ದು ನಕ್ಕಳು.

"ಹಗಲ ಪಾಳಿ ಅಪ್ಪಂದು, ಉಳಿದದ್ದು ಅವ್ವಂದು. ಇಷ್ಟೂ ಗೊತ್ತಿಲ್ಲೇನ ನಿನಗ? ಮರೀಗೆ ಹಾಲೂ ಇಬ್ಬರೂ ಕುಡಸ್ತಾವ."

"ಹಾಲು? ಗಂಡು?"

"ಹೂಂ. ಗಂಟಲ ಚೀಲದಾಗ ಹಾಲಿನಂಥಾದ್ದು ತಯಾರಾಗ್ತದ. ಗಂಡಿಗೂ ಆಗ್ತದ, ಹೆಣ್ಣಿಗೂ ಆಗ್ತದ."

ಫೋನ್ ಇಟ್ಟು ಮತ್ತೆ ಆ ಫೋಟೋಗಳನ್ನೇ ತೆರೆದೆ. ಎರಡು ಬೇರೆ ಹಕ್ಕಿಗಳನ್ನು ವಾರಗಟ್ಟಲೆ ಕಣ್ಣಾರೆ ನೋಡಿದವಳು ನಾನೇ. ಆದರೂ ಒಂದೇ ಹಕ್ಕಿ ಕಂಡದ್ದು ಹೇಗೆ? ಕಾವು ಕೂರುವುದು ತಾಯಿ ಎಂದು ನನಗೆ ಮೊದಲೇ ಗೊತ್ತಿತ್ತಲ್ಲ, ಅದನ್ನೇ ನೋಡಿದೆ. ನೆನಪು ಆಮೇಲೆ ಮೋಸ ಮಾಡುತ್ತದೆ ಎಂದುಕೊಂಡಿದ್ದೆ. ಕಣ್ಣು ಅಲ್ಲೇ, ಆಗಲೇ ಮಾಡುತ್ತದೆ.

ಪಲ್ಲವಿಯ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ರಾಮದುರ್ಗದಿಂದ ಅಳಿಯ ಪ್ರಮೋದ ಬಂದ. ಸರ್ಕಾರಿ ಕಚೇರಿಯಲ್ಲಿ ಕೆಲಸ, ಮೆತ್ತಗಿನ ಮಾತಿನ ಹುಡುಗ. ಕೂಸನ್ನು ನೋಡಿಕೊಳ್ಳಲೆಂದು ತಿಂಗಳ ಕೊನೆಯವರೆಗೆ ರಜೆ ಹಾಕಿಯೇ ಬಂದಿದ್ದ. ಆದರೆ ನಮ್ಮ ಕಡೆ ಅಳಿಯನ ಕೆಲಸ ಏನು ಹೇಳಿ? ಬರಬೇಕು, ಮಗುವಿನ ಮುಖ ನೋಡಬೇಕು, ಹೋಳಿಗೆ ಉಂಡು ಹೋಗಬೇಕು. ಬಾಣಂತಿಯ ಮನೆಯಲ್ಲಿ ಠಿಕಾಣಿ ಹೂಡಬಾರದು. ಉಂಡ ತಟ್ಟೆ ಎತ್ತಿದರೂ ಅತ್ತೆಯ ಮಾನ ಹೋಗುತ್ತದೆ. ಮಗುವನ್ನು ಅವನ ತೊಡೆಯ ಮೇಲೆ ಇಟ್ಟಾಗಲೂ ಕೆಳಗೆ ಯಾರೋ ಹಿರಿಯರ ಕೈ ಇರುತ್ತಿತ್ತು, ಗಾಜಿನ ಸಾಮಾನನ್ನು ಗಿರಾಕಿಗೆ ತೋರಿಸುವಂತೆ. ಮರುದಿನ ಅವನು ಊರಿಗೆ ಹೊರಡಬೇಕೆಂದು ಕಾಕು ನಿಶ್ಚಯಿಸಿಯಾಗಿತ್ತು.

ಅಂದು ಸಂಜೆ ನಂಟರೆಲ್ಲ ಹೋದ ಮೇಲೆ ಕಾಕು ನಮ್ಮ ಬಾಲ್ಕನಿಗೆ ಬಂದರು. ಮುಖ ಬಿಗಿದಿತ್ತು.

"ಮೇಡಂ, ನಾಳೆ ಆ ಗೂಡು ತಗಿಸ್ರಿ. ಒಣಗಿದ ಹಿಕ್ಕಿ ಧೂಳು ಎದಿಗೆ ಹೋಗ್ತದಂತ. ಬಂದವರೆಲ್ಲಾ ಅದನ್ನ ಹೇಳಿದ್ರು. ನಮ್ಮ ಹಸಿ ಕೂಸು ಈ ಗೋಡಿ ಆಚೆನ ಮಲಗ್ತದ."

ಸುಳ್ಳಲ್ಲ. ನಾನೂ ಓದಿ ನೋಡಿದ್ದೆ. ಆದರೆ ಮರಿಗಳ ಮೈಮೇಲೆ ಇನ್ನೂ ಹಳದಿ ನೂಲಿನಂಥ ಕೂದಲು. ಗರಿಗಳು ಈಗಷ್ಟೇ ಚಿಗುರುತ್ತಿದ್ದವು. ಗೂಡು ತೆಗೆದರೆ ಅವು ಬದುಕುವುದಿಲ್ಲ. ಕೆಳಗೆ ಪಾರ್ಕಿಂಗ್‌ನಲ್ಲಿ ಕೂತ ಬೆಕ್ಕಿಗೆ ಹಬ್ಬ, ಅಷ್ಟೇ.

ನನ್ನ ಹತ್ತಿರ ಒಂದೇ ಅಸ್ತ್ರ ಇತ್ತು. ಬಿಟ್ಟೆ.

"ಬಾಣಂತಿನ್ನ ಹೊರಗ ಹಾಕ್ತೀರೇನ್ರೀ ಕಾಕು? ನೀವ?"

ತಾಗಿತು. ಅವರ ಮುಖ ಸಡಿಲವಾಯಿತು. "ಅದೂ ಖರೇನ" ಎಂದು ಗೂಡಿನತ್ತ ನೋಡಿದರು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದಿದ್ದೆ. ಆದರೆ ಕಲಿತವರಿಗೆ ಒಂದು ರೋಗ ಇದೆ. ಹೊಸದೊಂದು ಗೊತ್ತಾದರೆ ಹೇಳದೆ ಇರಲಾಗುವುದಿಲ್ಲ.

"ಒಂದು ಮಜಾ ಗೊತ್ತೇನ್ರೀ ಕಾಕು? ನೀವು ದಿನಾ ಜೋಳ ಹಾಕಿದ್ದು ಅವ್ವಗ ಅಲ್ಲ, ಅಪ್ಪಗ. ಹಗಲೆಲ್ಲಾ ಕೂಡೋದು ಗಂಡು. ಹಾಲೂ ಕುಡಸ್ತದ."

ಕಾಕು ನನ್ನನ್ನು ನೋಡಿದರು. ತಾವೇ ಕಟ್ಟಿದ ಬೆಡ್‌ಶೀಟ್ ನೋಡಿದರು.

"ಅಂದ್ರ ಇಷ್ಟು ದಿನ ನಾ ಗಂಡಸಿಗೆ ಗಾಳಿ ಬಡೀಬಾರ್ದು ಅಂತ ಪಡದೆ ಕಟ್ಟಿದ್ನೇನು? ಅಂಟಿನುಂಡಿ ಹಾಕಿದ್ನೇನು? ಅಯ್ಯ, ನಮ್ಮನಿಯವರಿಗೂ ಇಷ್ಟು ಸೇವಾ ಮಾಡಿಲ್ಲ! ಗಂಡಸಿಗೆಂಥಾ ಬಾಣಂತನ? ನಾಳೆ ತಗಿಸ್ರಿ, ಮತ್ತ ಮಾತಿಲ್ಲ."

ಗೆದ್ದ ಕೇಸನ್ನು ವಕೀಲರೇ ಸೋಲಿಸುವುದು ಹೀಗೆ.

ಆಗ ಗ್ರಿಲ್ಲಿನ ಆಚೆ ಕುರ್ಚಿ ಸರಿದ ಸದ್ದಾಯಿತು. ಪ್ರಮೋದ ಅಲ್ಲೇ ಕೂತಿದ್ದ. ಅಳಿಯನಿಗೆ ಬಾಲ್ಕನಿಯಲ್ಲಿ ಕೂತು ಚೂಡಾ ತಿನ್ನುವುದನ್ನು ಬಿಟ್ಟರೆ ಬೇರೆ ಏನಿತ್ತು?

"ಅತ್ಯಾ, ನಾ ತೊಳೀತೇನಿ."

"ಏನು?"

"ಬಾಲ್ಕನಿ. ಹಿಕ್ಕಿ ಒಣಗಿದ್ರ ಅಲ್ಲ ಧೂಳಾಗೋದು? ಒಣಗಲಿಕ್ಕೆ ಬಿಡಬಾರ್ದು. ದಿನಾ ನೀರು ಹಾಕಿ ಹಸಿ ಇದ್ದಾಗನ ಬಳದು ಹಾಕ್ತೇನಿ. ನೀವು ನಿಮ್ಮ ಕಡೆ ಬಾಗಲಾ ಹಾಕ್ಕೊಂಡಿರ್ರಿ. ಮರಿ ಹಾರೋತನಾ ಇಲ್ಲೇ ಇರ್ತೇನಿ. ಹೆಂಗೂ ರಜಾ ಅದ."

ಕಾಕು ಎದೆಯ ಮೇಲೆ ಕೈ ಇಟ್ಟುಕೊಂಡರು.

"ಅಳಿಯಂದ್ರ ಕಡಿಂದ ಹಕ್ಕಿ ಹೊಲಸು ಬಳಿಸ್ಲೇನು? ನಿಮ್ಮವ್ವಾರಿಗೆ ಗೊತ್ತಾದ್ರ ರಾಮದುರ್ಗದಾಗ ನಾ ಮುಖಾ ಎತ್ತೋದು ಹೆಂಗ?"

ಒಳಗಿನ ಕೋಣೆಯಿಂದ ಪಲ್ಲವಿಯ ದನಿ ಬಂತು. ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

"ಅವ್ವಾ, ಬಳೀಲಿ ಬಿಡ. ಕೈ ಪಳಗ್ತದ. ಇಲ್ಲಿ ಕೂಸಿಂದೂ ಅಷ್ಟ ಬಿದ್ದದ."

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಪ್ರಮೋದ ಕಿವಿಯವರೆಗೂ ಕೆಂಪಾದ. ಕಾಕು ಕೊನೆಗೆ ಒಂದು ಷರತ್ತು ಹಾಕಿದರು: ಅಳಿಯ ಬಾಣಂತಿಯ ಮನೆಯಲ್ಲಿ ಮಲಗುವಂತಿಲ್ಲ. ಸರಿ, ನಮ್ಮ ಹಾಲ್‌ನಲ್ಲಿ ಹಾಸಿಗೆ ಬಿತ್ತು.

ಮರುದಿನದಿಂದ ಬೆಳಿಗ್ಗೆ ಮೂಗಿಗೆ ಮಾಸ್ಕ್, ತಲೆಗೆ ಟವೆಲ್, ಕೈಯಲ್ಲಿ ಬಕೆಟ್ ಹಿಡಿದು ಪ್ರಮೋದ ಕೆಲಸಕ್ಕೆ ಇಳಿದ. ಕಾಕು ಮುಚ್ಚಿದ ಕಿಟಕಿಯ ಗಾಜಿನ ಹಿಂದೆ ನಿಂತು ಉಸ್ತುವಾರಿ ಮಾಡುತ್ತಿದ್ದರು. "ಆ ಮೂಲಿ ಉಳೀತು ನೋಡ್ರಿ. ಕೂಲರ್ ಕೆಳಗೂ ಒಂದೀಟು ಕೈ ಆಡಸ್ರಿ." ಬಹುವಚನ ಮಾತ್ರ ತಪ್ಪಲಿಲ್ಲ. ಹೊಲಸು ಬಳಿಯುವವನು ಅಳಿಯನಲ್ಲವೇ!

ಸ್ನಾನ ಮಾಡಿ ಅವನು ಮಗಳನ್ನು ಎತ್ತಿಕೊಳ್ಳಲು ಹೋಗುತ್ತಿದ್ದ. ಮೊದಮೊದಲು ಸ್ವಲ್ಪ ಹೊತ್ತು, ಅದೂ ಕಾವಲಿನಲ್ಲಿ. ಆಮೇಲೆ ಕಾವಲು ಸಡಿಲವಾಯಿತು. ಆಮೇಲೆ ಕಾವಲಿಗೆ ನಿಂತವರಿಗೇ ತೂಕಡಿಕೆ ಬರತೊಡಗಿತು. ಒಂದು ಮಧ್ಯಾಹ್ನ ನಾನು ನೋಡಿದಾಗ ಅವರ ಹಾಲ್‌ನಲ್ಲಿ ಪ್ರಮೋದ ಗೋಡೆಗೆ ಒರಗಿ ಕೂತಿದ್ದ. ಮಗು ಅವನ ಎದೆಯ ಮೇಲೆ ಮಲಗಿತ್ತು. ಕೆಳಗೆ ಯಾರ ಕೈಯೂ ಇರಲಿಲ್ಲ. ಇತ್ತ ಕೂಲರಿನ ಮೇಲೆ ಬಿಳಿ ಗರಿ ಇಲ್ಲದ ಹಕ್ಕಿ ಮರಿಗಳ ಕೊಕ್ಕಿನೊಳಗೆ ಕೊಕ್ಕಿಟ್ಟು ಉಣಿಸುತ್ತಿತ್ತು. ಇದು ಬಹಳ ಚಂದದ ಹೋಲಿಕೆ. ಅದಕ್ಕೇ ನನಗೆ ಅನುಮಾನ. ಬರೆಯುವ ಹುಮ್ಮಸ್ಸಿನಲ್ಲಿ ಎರಡು ಬೇರೆ ದಿನಗಳನ್ನು ತಂದು ಪಕ್ಕಪಕ್ಕ ಕೂರಿಸಿದೆನೇ? ಇಲ್ಲ, ಮೊಬೈಲಿನಲ್ಲಿ ನೋಡಿಕೊಂಡೆ. ಒಂದೇ ದಿನ, ಒಂದೇ ಹೊತ್ತು.

ಮರಿಗಳು ರೆಕ್ಕೆ ಬಡಿಯಲು ಕಲಿತವು. ನನಗೆ ಖುಷಿ. ಪ್ರಮೋದನ ಮುಖ ಮಾತ್ರ ಸಣ್ಣದಾಯಿತು.

"ಮೇಡಂ, ಇವು ಲಗೂನ ಹಾರ್ತಾವೇನ್ರಿ?"

"ಇನ್ನೇನು, ಇವತ್ತು ನಾಳೆ ಅಂತ ಕಾಣಸ್ತದ."

"ನಿಧಾನ ಹಾರಲಿ ಬಿಡ್ರಿ. ಗಡಿಬಿಡಿ ಏನದ?"

ಆಗ ನನಗೆ ಹೊಳೆಯಿತು. ಮರಿ ಇರುವವರೆಗೆ ಅವನಿಗೆ ಇಲ್ಲಿ ಕೆಲಸ. ಕೆಲಸ ಇರುವವರೆಗೆ ಅವನಿಗೆ ಮಗಳು.

ಮರಿಗಳು ಅವನ ಮಾತು ಕೇಳಲಿಲ್ಲ. ಒಂದು ಮರಿ ಬೆಳಿಗ್ಗೆಯೇ ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಹೋಗಿ ಕೂತಿತು. ಇನ್ನೊಂದು ಮರಿ ದಿನವಿಡೀ ಅಂಚಿನಲ್ಲಿ ಯೋಚನೆ ಮಾಡಿ ಸಂಜೆ ಹಾರಿತು. ಪ್ರಮೋದನ ರಜೆ ಇನ್ನೂ ಉಳಿದಿತ್ತು. ಆದರೂ ಅವನು ಕೂಲರ್ ತಿಕ್ಕಿ ತೊಳೆದ, ಬಕೆಟ್ ಬೋರಲು ಹಾಕಿದ, ನಮ್ಮ ಹಾಲ್‌ನಲ್ಲಿ ಕೂತು ಬ್ಯಾಗ್ ಕಟ್ಟತೊಡಗಿದ. ಯಾರೂ ಹೊರಡು ಎಂದಿರಲಿಲ್ಲ. ಅಳಿಯಂದಿರಿಗೆ ಯಾರೂ ಹಾಗೆ ಹೇಳುವುದಿಲ್ಲ. ಅವರೇ ತಿಳಿದುಕೊಳ್ಳಬೇಕು.

ಕಾಕು ಮಗುವನ್ನು ಎತ್ತಿಕೊಂಡು ಒಳಗೆ ಬಂದರು. ಬ್ಯಾಗ್ ನೋಡಿದರು.

"ಎಲ್ಲಿಗೆ?"

"ಮರಿ ಹಾರಿದ್ವಲ್ರೀ ಅತ್ಯಾ. ಇನ್ನೇನು ಕೆಲಸ ಅದ?"

"ಪಾರಿವಾಳದ ಮರಿ ಹಾರಿದ್ವು. ನಮ್ಮದಿನ್ನೂ ಮಗ್ಗಲಾನೂ ಹೊಳ್ಳಿಲ್ಲ." ಕಾಕು ಮಗುವನ್ನು ಅವನ ಕೈಗೆ ಕೊಟ್ಟರು. "ಮಧ್ಯಾಹ್ನ ನನಗ ಒಂದು ತಾಸು ನಿದ್ದಿ ಸಿಗಲಿಕ್ಕೆ ಹತ್ತಿತ್ತು. ಅದಕ್ಕ ಕಲ್ಲು ಹಾಕಬ್ಯಾಡ್ರಿ. ಬ್ಯಾಗ್ ನಮ್ಮ ಕಡೆ ತರ್ರಿ."

ಬ್ಯಾಗನ್ನು ನಾನೇ ಹೊತ್ತೆ. ಅವನ ಕೈ ಖಾಲಿ ಇರಲಿಲ್ಲ.

ಅಪ್ಪಂದಿರಿಗೂ ರಜೆ ಬೇಕು ಎಂದು ನಾವು ಓದಿದವರು ಭಾಷಣ ಮಾಡುತ್ತೇವೆ. ನಾನೂ ಇದೇ ಅಂಕಣದಲ್ಲಿ ಮಾಡಿದ್ದೇನೆ, ನಿಲ್ಲಿಸುವುದೂ ಇಲ್ಲ. ಆದರೆ ಪ್ರಮೋದನ ರಜೆಗೆ ಕಚೇರಿಯಲ್ಲಿ ಒಂದು ಸಹಿ ಸಾಕಾಗಿತ್ತು. ಅದು ಮನೆಯಲ್ಲಿ ಮಂಜೂರಾಗಲು ಎರಡು ಪಾರಿವಾಳದ ಮರಿ ಬೇಕಾದವು.

ಬಾಲ್ಕನಿಯಲ್ಲಿ ಗೂಡಿಲ್ಲದ ಮನೆಗಳ ಅಳಿಯಂದಿರು ಏನು ಮಾಡಬೇಕು?